ಬಿಸಿಲನ್ನು ಕೂಡಿಡುವ ಪೆಟ್ಟಿಗೆ

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ ನೀರಿನಿಂದ 240 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಕೇಂದ್ರವೊಂದಿದೆ. ಹಾಗಿದ್ದರೂ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಘಟ್ಟದ ಬುಡದ ಅಡಿಕೆ ತೋಟಗಳ ನಡುವೆ ಒಂಟಿಯಾಗಿ ನಿಂತಿರುವ ಮನೆಗಳಿಗೆ ಮಳೆಗಾಲದಲ್ಲಿ ದೀಪದ ಭರವಸೆಯಿಲ್ಲ. ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ಕತ್ತಲೆಯೇ ಗತಿ. ಆದುದರಿಂದಲೇ ಈ ಸೀಮೆಯ ಅನೇಕ ಹೆಂಚಿನ ಮನೆಗಳ ಮೇಲೆ ಸೌರಫಲಕಗಳು ಕಾಣಿಸಿಕೊಂಡಿವೆ. ಹಳ್ಳಿಯ ಮನೆಗಳಿಗೆ ಸೌರದೀಪವನ್ನು ಒದಗಿಸಲು 1995ರಲ್ಲಿ ಸೆಲ್ಕೊ ಸಂಸ್ಥೆಯನ್ನು ಕಟ್ಟಿದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದನ್ನು ಅನೇಕರು ಬಲ್ಲರು.

ಮಾಡಿನ ಮೇಲಿನ ಫಲಕ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತದೆ. ಆದರೆ ಜಗಲಿಯ ಮೂಲೆಯಲ್ಲಿರುವ ಬ್ಯಾಟರಿಯ ಕಥೆಯೇ ಬೇರೆ. ಒಂದು ಮನೆಯಲ್ಲಿ ಅದು ಏಳೆಂಟು ವರ್ಷ ದುಡಿದರೆ, ಅಂಥದೇ ಬ್ಯಾಟರಿ ಇನ್ನೊಂದು ಮನೆಯಲ್ಲಿ ಮೂರನೆಯ ಮಳೆಗಾಲವನ್ನೂ ದಾಟುವುದಿಲ್ಲ. ಸಾಲ ಮಾಡಿ ದೀಪ ಹಾಕಿಸಿದ ಮನೆಯವರಿಗೆ ಇದು ಸಣ್ಣ ನಷ್ಟವಲ್ಲ. ಈ ಅಂತರಕ್ಕೆ ಕಾರಣವೇನು?

ಬ್ಯಾಟರಿಯೆಂದರೆ ವಿದ್ಯುತ್ತನ್ನು ತುಂಬಿಡುವ ಕೊಡವೆಂದು ಭಾವಿಸುವುದುಂಟು. ಅದು ಸರಿಯಲ್ಲ, ಅದರಲ್ಲಿ ಶೇಖರವಾಗುವುದು ರಾಸಾಯನಿಕ ಶಕ್ತಿ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸದ ಬ್ಯಾಟರಿಯ ತತ್ತ್ವವೇ ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ನೀರು ಬೆರೆಸಿದ ಗಂಧಕಾಮ್ಲದಲ್ಲಿ ಎರಡು ಬಗೆಯ ತಗಡುಗಳು ಮುಳುಗಿರುತ್ತವೆ. ಋಣ ತಗಡಿನ ಮೇಲೆ ಸೀಸ, ಧನ ತಗಡಿನ ಮೇಲೆ ಸೀಸದ ಡೈಆಕ್ಸೈಡು. ದೀಪ ಉರಿಯುವಾಗ ಈ ಎರಡೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಹಗಲು ಫಲಕದಿಂದ ವಿದ್ಯುತ್ತು ಹರಿದಾಗ ಎಲ್ಲವೂ ಹಿಂದಿನ ಸ್ಥಿತಿಗೆ ಮರಳುತ್ತವೆ. ಒಂದು ಕೋಶದ ವಿಭವ ಸುಮಾರು 2 ವೋಲ್ಟ್. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿ.

ಬ್ಯಾಟರಿಯ ಮೊದಲನೆಯ ಶತ್ರು ಹಸಿವು. ಹೊಸದಾಗಿ ಹುಟ್ಟಿದ ಸಲ್ಫೇಟಿನ ಹರಳುಗಳು ಬಹು ಸಣ್ಣವು. ಅವು ಸುಲಭವಾಗಿ ಕರಗುತ್ತವೆ. ಬ್ಯಾಟರಿ ಅರೆಬರೆ ತುಂಬಿ ದಿನಗಟ್ಟಲೆ ಹಾಗೆಯೇ ಬಿದ್ದಿದ್ದರೆ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಬಿಸಿಲು ಬಂದರೂ ಅವು ಪೂರ್ತಿಯಾಗಿ ಕರಗವು. ತಗಡಿನ ಅಷ್ಟು ಭಾಗ ಸತ್ತಂತೆಯೇ.

ಕರಾವಳಿಯ ಮಳೆಗಾಲ ಈ ಹಸಿವನ್ನು ತಂದೊಡ್ಡುತ್ತದೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರನ್ನು ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಒಂದು ಲೆಕ್ಕ ಮಾಡೋಣ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆಗಳ ಶಕ್ತಿಯಿದೆ. ಬಹುಕಾಲ ಬಾಳಬೇಕಾದರೆ ಅದರ ಅರ್ಧವನ್ನು, ಎಂದರೆ 600ನ್ನು ಮಾತ್ರ ಬಳಸಬೇಕು. 9 ವ್ಯಾಟಿನ ನಾಲ್ಕು ದೀಪಗಳು ಐದು ಗಂಟೆ ಉರಿದರೆ 180, 30 ವ್ಯಾಟಿನ ಪಂಖ ಎಂಟು ಗಂಟೆ ತಿರುಗಿದರೆ 240, ಒಟ್ಟು 420. ದಟ್ಟ ಮೋಡದ ದಿನಗಳಲ್ಲಿ ಫಲಕದಿಂದ ಬರುವುದು ಅತ್ಯಲ್ಪವಾದುದರಿಂದ ಅದನ್ನು ಬಿಟ್ಟುಬಿಡಬಹುದು. ಆಗ ಎರಡನೆಯ ರಾತ್ರಿಯೇ ಮಿತಿ ಮೀರುತ್ತದೆ. ಪಂಖವನ್ನು ನಿಲ್ಲಿಸಿದರೆ ಅದೇ ಬ್ಯಾಟರಿ ಮೂರು ರಾತ್ರಿ ಓದಲು ಬೆಳಕು ಕೊಡುತ್ತದೆ. ಆಷಾಢದ ಥಂಡಿಯಲ್ಲಿ ಪಂಖವಿಲ್ಲದೆಯೂ ಮಲಗಬಹುದಷ್ಟೆ!

ಬ್ಯಾಟರಿ ತೀರಾ ಬರಿದಾಗುವ ಮೊದಲೇ ದೀಪವನ್ನು ಆರಿಸುವ ನಿಯಂತ್ರಕವೊಂದು ಈ ವ್ಯವಸ್ಥೆಯಲ್ಲಿರುತ್ತದೆ. ಕೆಂಪು ದೀಪ ಹೊತ್ತಿತೆಂದು ಬೇಸರಪಟ್ಟು, ನಿಯಂತ್ರಕವನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವವರಿದ್ದಾರೆ. ಒಂದು ರಾತ್ರಿಯ ಬೆಳಕಿಗಾಗಿ ವರ್ಷಗಳ ಬೆಳಕನ್ನು ಮಾರಿದಂತೆ ಇದು. ಫಲಕದ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಹಸಿವು ಹೆಚ್ಚುತ್ತದೆ. ಫಲಕದ ಕೋಶಗಳು ಸರಪಳಿಯಂತೆ ಜೋಡಿಸಲ್ಪಟ್ಟಿರುವುದರಿಂದ, ಕೆಲವು ಕೋಶಗಳ ಮೇಲಿನ ನೆರಳು ಅನೇಕ ಕೋಶಗಳ ದುಡಿಮೆಯನ್ನು ಕುಗ್ಗಿಸುತ್ತದೆ. ಮಳೆಗೆ ಮುಂಚೆ ಗರಿಗಳನ್ನು ಸವರುವುದೂ ಬ್ಯಾಟರಿಯ ಆರೈಕೆಯೇ ಸರಿ.

ಎರಡನೆಯ ಶತ್ರು ಬಾಯಾರಿಕೆ. ಬೇಸಗೆಯಲ್ಲಿ ಬ್ಯಾಟರಿ ತುಂಬಿದ ಮೇಲೂ ವಿದ್ಯುತ್ತು ಹರಿದರೆ ನೀರು ಒಡೆದು ಜಲಜನಕ ಮತ್ತು ಆಮ್ಲಜನಕವಾಗಿ ಹೊರಹೋಗುತ್ತದೆ. ತಗಡಿನ ತಲೆ ಒಣಗಿದರೆ ಆ ಭಾಗ ಕೆಡುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಮಟ್ಟವನ್ನು ನೋಡಿ, ಗುರುತಿನವರೆಗೆ ಬಟ್ಟಿ ಇಳಿಸಿದ ನೀರನ್ನು ಹಾಕಬೇಕು. ಹೊರಹೋದುದು ನೀರೇ ಹೊರತು ಆಮ್ಲವಲ್ಲ. ಆದಕಾರಣ ಆಮ್ಲವನ್ನು ಎಂದಿಗೂ ಸುರಿಯಬಾರದು. ಬಾವಿಯ ನೀರಿನಲ್ಲಿರುವ ಕಬ್ಬಿಣದ ಅಂಶದಿಂದ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬರಿದಾಗುತ್ತದೆ. ಕ್ಲೋರೈಡು ತಗಡನ್ನು ಕೊರೆಯುತ್ತದೆ. ಮಳೆನೀರು ನಿಸರ್ಗವೇ ಬಟ್ಟಿ ಇಳಿಸಿದ ನೀರಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಒಳ್ಳೆಯದು. ಆದರೆ ಕಡಲಿನ ಕಡೆಯಿಂದ ಬರುವ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಹೆಂಚಿನ ಧೂಳು ಅದಕ್ಕೆ ಸೇರುತ್ತದೆ. ಕರಾವಳಿಯ ಮಳೆನೀರು ಕುಡಿಯಲು ಸಿಹಿಯಾದರೂ ಬ್ಯಾಟರಿಗೆ ಒಗ್ಗದು.

ಅದೇ ಉಪ್ಪುಗಾಳಿಯೇ ಮೂರನೆಯ ಶತ್ರು. ಬ್ಯಾಟರಿಯ ತುದಿಗಳ ಮೇಲೆ ಬಿಳಿ, ನೀಲಿ ಹಿಟ್ಟಿನಂಥ ಕಿಲುಬು ಕೂತರೆ ವಿದ್ಯುತ್ತಿನ ಹಾದಿ ಇಕ್ಕಟ್ಟಾಗುತ್ತದೆ. ಫಲಕದ ತಂತಿಯನ್ನು ಮೊದಲು ಬಿಡಿಸಿ, ಆಮೇಲೆ ಬ್ಯಾಟರಿಯ ತಂತಿಗಳನ್ನು ಕಳಚಿ, ಅಡಿಗೆಯ ಸೋಡವನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ಒರಸಬೇಕು. ಸೋಡದ ನೀರು ಕೋಶದೊಳಗೆ ಇಳಿಯದಂತೆ ಮುಚ್ಚಳಗಳು ಭದ್ರವಾಗಿರಲಿ. ತುದಿಗಳು ಒಣಗಿದ ಮೇಲೆ ತಂತಿಗಳನ್ನು ಬಿಗಿದು ವ್ಯಾಸಲಿನ್ ಸವರಿದರೆ ಸಾಕು. ಆಮ್ಲ ಮೈಗೆ ಸಿಡಿದರೆ ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಕಣ್ಣಿಗೆ ಸಿಡಿದರೆ ತೊಳೆದ ಬಳಿಕ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬ್ಯಾಟರಿಯನ್ನು ಒಲೆಯಿಂದ ದೂರ, ಗಾಳಿಯಾಡುವ ನೆರಳಿನಲ್ಲಿಡಬೇಕು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೂ ಒಂದು ಕಿಡಿಯಿಂದ ಅದು ಸಿಡಿಯಬಲ್ಲುದು. ಶಾಖವು 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದನ್ನೂ ನೆನಪಿಡಬೇಕು.

ಎಷ್ಟು ಆರೈಕೆ ಮಾಡಿದರೂ ಬ್ಯಾಟರಿ ಒಂದು ದಿನ ಸಾಯುವುದು ನಿಶ್ಚಯ. ಆಗಲೇ ಹೆಚ್ಚಿನ ಎಚ್ಚರ ಬೇಕು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ. ಹಳೆಯ ಪೆಟ್ಟಿಗೆಯನ್ನು ಹಿತ್ತಲಿನಲ್ಲಿ ಒಡೆದು ಆಮ್ಲವನ್ನು ಚೆಲ್ಲಿದರೆ, ಸೀಸ ಮಣ್ಣಿಗಿಳಿದು ಬಾವಿಯನ್ನೂ ಸೇರಬಹುದು. ಓದುವ ಮಗುವಿಗೆ ಬೆಳಕು ಕೊಟ್ಟ ವಸ್ತುವೇ ಆ ಮಗುವಿಗೆ ಕೇಡಾಗಬಾರದಲ್ಲವೆ? 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ಉತ್ಪಾದಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಒಡೆಯದೆ ಅಂಗಡಿಗೆ ಒಪ್ಪಿಸಿದರೆ ಬೆಲೆಯಲ್ಲಿ ಕಡಿತವೂ ದೊರೆಯುವುದುಂಟು.

ಈಗ ಲಿಥಿಯಂ-ಕಬ್ಬಿಣ-ಫಾಸ್ಫೇಟಿನ ಬ್ಯಾಟರಿಗಳು ಬಂದಿವೆ. ಅವಕ್ಕೆ ನೀರು ಬೇಡ. ಶೇಕಡ 80ರಷ್ಟು ಬಳಸಿದರೂ ಅವು ಸಾವಿರಾರು ಸಲ ತುಂಬಿ ಬರಿದಾಗಬಲ್ಲವು. ಕೊಳ್ಳುವಾಗಿನ ಬೆಲೆ ಮಾತ್ರ ಹೆಚ್ಚು. ಬ್ಯಾಟರಿಯಿಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಜೋಡಿಸುವ ಸೌರಫಲಕಗಳೂ ಇವೆ. ಆದರೆ ಜಾಲದಲ್ಲಿ ವಿದ್ಯುತ್ತು ನಿಂತರೆ, ತಂತಿ ದುರಸ್ತಿ ಮಾಡುವವರ ರಕ್ಷಣೆಗಾಗಿ ಅವೂ ನಿಲ್ಲುತ್ತವೆ. ಮರ ಬಿದ್ದ ರಾತ್ರಿ ಬೆಳಕು ಬೇಕೆಂದರೆ ಬ್ಯಾಟರಿ ಬೇಕೇ ಬೇಕು.

ಕೊಟ್ಟಿಗೆಯ ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಇಡುವುದನ್ನು ನಮ್ಮ ಮನೆಗಳು ಮರೆಯುವುದಿಲ್ಲ. ಬ್ಯಾಟರಿ ಕೂಗಿ ಕರೆಯುವುದಿಲ್ಲವೆಂಬುದಷ್ಟೇ ವ್ಯತ್ಯಾಸ. ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಯೊಬ್ಬನೋ ವಿದ್ಯಾರ್ಥಿನಿಯೊಬ್ಬಳೋ ಮನೆಯಲ್ಲಿದ್ದರೆ, ತಿಂಗಳಿಗೊಮ್ಮೆ ಮುಚ್ಚಳ ತೆರೆದು ನೋಡುವ ಕೆಲಸವನ್ನು ವಹಿಸಿಕೊಳ್ಳಲಿ. ಪುಸ್ತಕದ ಸಮೀಕರಣ ಅಲ್ಲಿ ದಿನಕ್ಕೆರಡು ಬಾರಿ, ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದೆ.