ಹೆಸರಿಲ್ಲದ ಬೇನೆ

ಗಂಡಸಿಗೆ ಬಲಗಣ್ಣು ಅದುರಿದರೆ ಶುಭ, ಹೆಂಗಸಿಗೆ ಎಡಗಣ್ಣು ಅದುರಿದರೆ ಶುಭ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಶಕುನ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ಆದರೆ ಅದರಲ್ಲಿ ಒಂದು ಔದಾರ್ಯವಿತ್ತು. ದೇಹವು ತಾನಾಗಿ ಕೊಡುವ ಸೂಚನೆಗೆ ಒಳ್ಳೆಯ ಅರ್ಥವೂ ಇರಬಹುದೆಂದು ಅದು ಒಪ್ಪಿಕೊಂಡಿತ್ತು. ಈಗ ಆ ಶಾಸ್ತ್ರದ ಜಾಗಕ್ಕೆ ಅಂಗೈಯಲ್ಲಿನ ಮೊಬೈಲು ಬಂದಿದೆ. ರೆಪ್ಪೆ ಅದುರಿತೆಂದೋ ಕಾಲು ಜೋಮು ಹಿಡಿಯಿತೆಂದೋ ಅದರ ಮುಂದೆ ನಿವೇದಿಸಿಕೊಂಡು ನೋಡಿ; ಶುಭವೆಂಬ ಉತ್ತರ ಅಲ್ಲಿಲ್ಲ. ಹತ್ತು ರೋಗಗಳ ಹೆಸರು ಬರುತ್ತದೆ, ಅವುಗಳಲ್ಲಿ ಅತಿ ಭೀಕರವಾದುದೊಂದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ನಾನು ಗುಬ್ಬಿಯವನು, ದುಡಿಮೆಯೆಲ್ಲ ತುಮಕೂರಿನ ಕಾಲೇಜೊಂದರಲ್ಲಿ ಕಳೆಯಿತು. ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಬಲಗಾಲಿನ ಮೀನಖಂಡದಲ್ಲಿ ಚರ್ಮದ ಕೆಳಗೆ ಹುಳು ಹರಿದಾಡಿದಂತೆ ಅದುರು ಕಾಣಿಸಿಕೊಂಡಿತು. ಮರುವಾರ ಎಡಗೈಯ ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದವು. ಅದಾದ ಮೇಲೆ ಬಲಪಾದದ ಮೇಲೆ ರೂಪಾಯಿಯಗಲದ ಜಾಗದಲ್ಲಿ ಸ್ಪರ್ಶ ಮಂದವಾಯಿತು. ಊರಿನಲ್ಲಿದ್ದ ತಾಯಿ, "ಗಾಳಿ ಸೋಕಿರಬೇಕು ಮಗಾ, ಒಂದು ತಾಯತ ಕಟ್ಟಿಸಿಕೊ" ಎಂದರು. ನಾನು ಓದಿದವನಲ್ಲವೆ, ನಕ್ಕೆ. ಆದರೆ ಅದೇ ರಾತ್ರಿ ಎರಡು ಗಂಟೆಯವರೆಗೆ ಎದ್ದು ಕುಳಿತು, ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪತ್ತೆಯಾದ ಆ ಮೋಟಾರ್ ನ್ಯೂರಾನ್ ರೋಗ ನನಗೂ ಬಂದಿದೆಯೆಂದು ತೀರ್ಮಾನಿಸಿದೆ. ತಾಯಿಯ ಗಾಳಿಗೂ ನನ್ನ ತೀರ್ಮಾನಕ್ಕೂ ಪುರಾವೆಯ ದೃಷ್ಟಿಯಿಂದ ಹೆಚ್ಚು ಅಂತರವಿರಲಿಲ್ಲ. ಆಕೆಯ ಮದ್ದಿನಲ್ಲಿ ನಿದ್ದೆಯಾದರೂ ಬರುತ್ತಿತ್ತು.

ನರಗಳ ತೊಂದರೆ ಅಪರೂಪದ್ದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 1,02,557 ಜನರನ್ನು ವಿಚಾರಿಸಿದ ಸಮೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ನೂರಕ್ಕೆ ಮೂವರಿಗಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ನರಸಂಬಂಧಿ ತೊಂದರೆಯಿತ್ತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದರ ಪ್ರಮಾಣ ಹೆಚ್ಚು. ಪಟ್ಟಿಯ ತಲೆಯಲ್ಲಿದ್ದುದು ಯಾವ ಭಯಂಕರ ರೋಗವೂ ಅಲ್ಲ, ಬರಿಯ ತಲೆನೋವು. ಅದರ ನಂತರ ಮೂರ್ಛೆರೋಗ. ನಾವು ರಾತ್ರಿಯಲ್ಲಿ ಹೆದರುವ ಹೆಸರುಗಳು ಆ ಪಟ್ಟಿಯ ತೀರ ತಳದಲ್ಲಿ ಇರುವಂಥವು.

ವೈದ್ಯರ ಬಳಿಗೆ ಹೋದಾಗ ನನಗೆ ಮೊದಲು ತಿಳಿದ ಸಂಗತಿಯೆಂದರೆ, ನರರೋಗ ತಜ್ಞರು 'ಏನು' ಎಂದು ಕೇಳುವ ಮುನ್ನ 'ಎಲ್ಲಿ' ಎಂದು ಕೇಳುತ್ತಾರೆ ಎಂಬುದು. ಬೀದಿಯಲ್ಲಿ ದೀಪ ಹೋದರೆ ಲೈನ್‌ಮನ್ ಮಾಡುವುದೂ ಇದನ್ನೇ. ಒಂದೇ ಮನೆಯಲ್ಲಿ ಕತ್ತಲೆಯೋ, ಇಡೀ ಸಾಲಿನಲ್ಲಿಯೋ, ಊರಿಗೆ ಊರೇ ಕತ್ತಲೆಯೋ ಎಂದು ನೋಡಿಕೊಂಡರೆ ತಂತಿ ತಪ್ಪಿದ ಜಾಗ ಅರ್ಧ ಗೊತ್ತಾದಂತೆಯೇ. ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದರೆ ಮೊಣಕೈಯ ಒಳಮೂಳೆಯ ಹಿಂದೆ ಹಾದು ಬರುವ ನರವನ್ನು ಶಂಕಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮರಗಟ್ಟಿ, ಕೈ ಕೊಡವಿದರೆ ಹಗುರಾಗುವುದಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುತ್ತದೆ. ದಿನವೆಲ್ಲ ಬೀಡಿ ಸುತ್ತುವ, ಬಟ್ಟೆ ಒಗೆದು ಹಿಂಡುವ ಕೈಗಳಲ್ಲಿ ಇದನ್ನು ಕಾಣಬಹುದು. ಎರಡೂ ಪಾದಗಳಲ್ಲಿ ಕಾಲುಚೀಲ ತೊಟ್ಟಂತೆ ಮರವು ಏರಿದರೆ ನರಗಳ ತುದಿಗಳೇ ಸೊರಗಿವೆ. ಸಕ್ಕರೆ ಕಾಯಿಲೆಯಿಂದಲೋ, ಬಿ-12 ಜೀವಸತ್ವದ ಕೊರತೆಯಿಂದಲೋ ಹೀಗಾಗುತ್ತದೆ. ಮಾಂಸ ಮೊಟ್ಟೆಗಳನ್ನು ಮುಟ್ಟದ, ಹಾಲು ಮೊಸರನ್ನೂ ಕಡಿಮೆ ಮಾಡಿದ ಮನೆಗಳಲ್ಲಿ ಈ ಕೊರತೆ ಅಪರೂಪವಲ್ಲ. ಬೇಗ ಕಂಡುಕೊಂಡರೆ ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ಎರಡು ಕಾಲುಗಳ ಬಲ ತಗ್ಗಿ, ಸೊಂಟಕ್ಕೆ ಪಟ್ಟಿ ಬಿಗಿದಂತಾದರೆ ಬೆನ್ನುಹುರಿಯನ್ನು ನೋಡಬೇಕು. ಒಂದೇ ಪಾರ್ಶ್ವದ ಮುಖ, ಕೈ, ಕಾಲು ಕೂಡಿ ಸೋತರೆ ಮಿದುಳನ್ನು.

ಈ 'ಎಲ್ಲಿ'ಯನ್ನು ಹುಡುಕಲು ಬೇಕಾದ ಉಪಕರಣಗಳು ನಗು ಬರಿಸುವಷ್ಟು ಸರಳ. ಒಂದು ರಬ್ಬರ್ ಸುತ್ತಿಗೆ, ಒಂದು ಶ್ರುತಿಕವಲು, ಒಂದಿಷ್ಟು ಹತ್ತಿ. 70 ಕಿಲೋಮೀಟರು ಬಸ್ಸಿನಲ್ಲಿ ಹೋಗಿ ನಾಲ್ಕು ಗಂಟೆ ಸಾಲಿನಲ್ಲಿ ಕುಳಿತ ನನ್ನ ಅಂಗಾಲನ್ನು ವೈದ್ಯರು ಬೀಗದ ಕೈಯಿಂದ ಗೀರಿ, "ಸರಿ, ಕಾಲುಚೀಲ ಹಾಕಿಕೊಳ್ಳಿ" ಎಂದಾಗ ಇಷ್ಟೇ ತಾನೆ ಎಂದು ಮನಸ್ಸು ಮುದುಡಿತು. ಆಮೇಲೆ ಓದಿ ತಿಳಿದೆ: ಆ ಗೀರು ಸಾಮಾನ್ಯವಾದುದಲ್ಲ. ಪ್ಯಾರಿಸ್ಸಿನ ಬಬಿನ್‌ಸ್ಕಿ 1896ರಲ್ಲಿ ತೋರಿಸಿಕೊಟ್ಟ ಪರೀಕ್ಷೆ ಅದು. ಕಾಲಿನ ಹೆಬ್ಬೆರಳು ಕೆಳಕ್ಕೆ ಬಾಗಿದರೆ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಹಾದಿ ಚೆನ್ನಾಗಿದೆ. ಮೇಲಕ್ಕೆ ಎದ್ದರೆ ಎಲ್ಲೋ ಕೆಟ್ಟಿದೆ. ನನ್ನದು ಬಾಗಿತ್ತು. ಆ ಕ್ಷಣದಲ್ಲಿಯೇ ಅರ್ಧ ಡಜನ್ ರೋಗಗಳು ಹಿಂದೆ ಸರಿದಿದ್ದವು. ನನಗೆ ಮಾತ್ರ ಅದು ತಿಳಿದಿರಲಿಲ್ಲ, ಅವರೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಏನು ಚೆನ್ನಾಗಿದೆಯೆಂದು ಒಂದು ಮಾತು ಹೇಳಿದರೆ ಎಷ್ಟೋ ರಾತ್ರಿಗಳು ಉಳಿಯುತ್ತವೆ. ಹೇಳದಿದ್ದರೆ ನಾವೇ ಕೇಳಬೇಕು.

ಅದುರಿನ ವಿಷಯ. ಕಣ್ಣಿನ ರೆಪ್ಪೆ, ಮೀನಖಂಡ, ಹೆಬ್ಬೆರಳಿನ ಬುಡ ಇವು ಆರೋಗ್ಯವಂತರಲ್ಲಿಯೂ ಅದುರುತ್ತವೆ. ನಿದ್ದೆಗೇಡು, ಹೆಚ್ಚಿನ ಕಾಫಿ, ದಣಿವು, ಕೊನೆಗೆ ಅದುರೀತೆಂಬ ಭಯ, ಇಷ್ಟೂ ಅದಕ್ಕೆ ಗೊಬ್ಬರ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಬರಿಯ ಅದುರಿದ್ದು ಬೇರೆ ದೋಷ ಕಾಣದ 121 ಜನರನ್ನು ವರ್ಷಾನುಗಟ್ಟಲೆ ಅನುಸರಿಸಿ 1993ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರಿಗೂ ಮೋಟಾರ್ ನ್ಯೂರಾನ್ ರೋಗ ಬರಲಿಲ್ಲ. ಬಲ ಕುಗ್ಗಿದೆಯೆ, ಸ್ನಾಯು ಕರಗುತ್ತಿದೆಯೆ ಎಂಬುದೇ ವೈದ್ಯರ ಪ್ರಶ್ನೆ. ಅದುರು ಎಷ್ಟು ಸಲ ಬಂತೆಂಬುದಲ್ಲ.

ಆದರೆ ಸ್ನಾಯು ನಿಜವಾಗಿಯೂ ಕರಗುತ್ತಿದ್ದರೆ? ಕುಣಿಗಲ್ ಸೀಮೆಯ ಹಳ್ಳಿಯೊಂದರ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದ. ಹತ್ತೊಂಬತ್ತನೆಯ ವಯಸ್ಸಿಗೆ ಬಲಗೈಯ ಹಿಡಿತ ಸಡಿಲವಾಗಿ, ಅಂಗೈಯ ಮಾಂಸ ಬತ್ತಿ, ಪರೀಕ್ಷೆಯ ಕೊಠಡಿಯಲ್ಲಿ ಲೇಖನಿ ಜಾರತೊಡಗಿತು. ಯಾರೋ ವೈದ್ಯರು ಅವಸರದಲ್ಲಿ ಆ ದೊಡ್ಡ ರೋಗದ ಹೆಸರನ್ನು ಆಡಿಬಿಟ್ಟರು. ಮನೆಯವರು ತೋಟದ ಒಂದು ಭಾಗವನ್ನು ಮಾರಲು ಹೊರಟರು. ಕೊನೆಗೆ ನಿಮ್ಹಾನ್ಸಿನಲ್ಲಿ ದೊರೆತದ್ದು ಬೇರೆಯ ಹೆಸರು. ಜಪಾನಿನ ಹಿರಾಯಾಮ 1959ರಲ್ಲಿ ವರ್ಣಿಸಿದ, ಹರೆಯದ ಹುಡುಗರಲ್ಲೇ ಹೆಚ್ಚಾಗಿ ಕಾಣುವ, ಸಾಮಾನ್ಯವಾಗಿ ಒಂದು ಕೈಯನ್ನು ಹಿಡಿಯುವ ತೊಂದರೆ ಅದು. ಡಾ. ಗೌರಿದೇವಿಯವರೂ ಸಂಗಡಿಗರೂ ಬೆಂಗಳೂರಿನಲ್ಲಿ ಕಂಡ 23 ರೋಗಿಗಳನ್ನು ಆಧರಿಸಿ 1984ರಲ್ಲಿ, ಕೈಯೋ ಕಾಲೋ ಒಂದೇ ಅಂಗಕ್ಕೆ ಸೀಮಿತವಾಗುವ ಇದನ್ನು 'ಮಾನೋಮೆಲಿಕ್ ಅಮಯೋಟ್ರೊಫಿ' ಎಂದು ಕರೆದರು. ಕೆಲವು ವರ್ಷ ಮೆಲ್ಲನೆ ಹೆಚ್ಚಿ, ಆಮೇಲೆ ತಾನಾಗಿ ನಿಂತುಬಿಡುವುದು ಇದರ ಸ್ವಭಾವ. ಹಿರಾಯಾಮ ಬಗೆಯಲ್ಲಿ, ಕತ್ತು ಬಗ್ಗಿಸಿದಾಗ ಬೆನ್ನುಹುರಿ ಒತ್ತಿಕೊಳ್ಳುವುದು ಕಾರಣವೆಂದು ಕಂಡುಬಂದಿದೆ. ಆದ್ದರಿಂದ ಕತ್ತಿಗೆ ಪಟ್ಟಿ ಕಟ್ಟಿಸುತ್ತಾರೆ. ಆ ಹುಡುಗ ಈಗ ಎಡಗೈಯಲ್ಲಿ ಬರೆಯುತ್ತಾನೆ, ಬಲಗೈಯಲ್ಲಿ ಸ್ಕೂಟರ್ ನಡೆಸುತ್ತಾನೆ. ತೋಟ ಉಳಿಯಿತು.

ಕಾರಣ ಕಾಣದ ಬೇನೆಗಳಲ್ಲಿ ಇನ್ನೊಂದು ದೊಡ್ಡ ಪಂಗಡವಿದೆ. ಹಿಂದೆ ಅದನ್ನು ಹಿಸ್ಟೀರಿಯಾ ಎಂದು ತಳ್ಳಿಹಾಕುತ್ತಿದ್ದರು. ನರ, ಮಿದುಳು, ಸ್ನಾಯು ಯಾವುದರಲ್ಲಿಯೂ ಗಾಯವಿಲ್ಲ, ಆದರೂ ಕಾಲು ಏಳದು, ಕೈ ನಡುಗುತ್ತದೆ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಊರಿನವನು ನಾನು. ನನಗೆ ಹೊಳೆಯುವ ಹೋಲಿಕೆ ಹಾರ್ಮೋನಿಯಂನದು. ತಿದಿ ಹರಿದಿಲ್ಲ, ಮನೆಗಳು ಮುರಿದಿಲ್ಲ, ತಾಳ ಮಾತ್ರ ತಪ್ಪಿದೆ. ಇದು ನಟನೆಯಲ್ಲ, ಸೋಮಾರಿತನವಲ್ಲ. ಇದನ್ನು ಗುರುತಿಸಲು ಖಚಿತವಾದ ಲಕ್ಷಣಗಳೇ ಇವೆ. ಅಮೆರಿಕದ ಚಾರ್ಲ್ಸ್ ಹೂವರ್ 1908ರಲ್ಲಿ ಹೇಳಿದ ಒಂದು: ಮಲಗಿದ ರೋಗಿಗೆ ಸೋತ ಕಾಲಿನ ಹಿಮ್ಮಡಿಯನ್ನು ಕೆಳಕ್ಕೆ ಒತ್ತೆಂದರೆ ಆಗುವುದಿಲ್ಲ, ಇನ್ನೊಂದು ಕಾಲನ್ನು ಬಲವಾಗಿ ಎತ್ತೆಂದರೆ, ಆ 'ಸೋತ' ಹಿಮ್ಮಡಿ ತನಗೆ ತಿಳಿಯದಂತೆಯೇ ವೈದ್ಯರ ಅಂಗೈಯನ್ನು ಒತ್ತುತ್ತದೆ. ತಂತಿ ಕಡಿದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಸರಿಯಾಗಿ ವಿವರಿಸಿ ಹೇಳಿ, ವ್ಯಾಯಾಮ ಕಲಿಸಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. "ನಿಮಗೇನೂ ಆಗಿಲ್ಲ, ಮನೆಗೆ ಹೋಗಿ" ಎಂದರೆ ಚೇತರಿಸಿಕೊಳ್ಳುವುದಿಲ್ಲ.

ಹೀಗೆ ಕಳಿಸಿದವರಲ್ಲಿ ನಿಜವಾದ ರೋಗ ತಪ್ಪಿಹೋಗಿದ್ದರೆ ಎಂಬ ಅನುಮಾನ ನ್ಯಾಯವಾದುದೇ. ಸ್ಕಾಟ್ಲೆಂಡಿನ ನರರೋಗ ಚಿಕಿತ್ಸಾಲಯಗಳಿಗೆ ಹೊಸದಾಗಿ ಬಂದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರ ಬೇನೆ ಯಾವ ರೋಗದಿಂದಲೂ ಪೂರ್ತಿಯಾಗಿ ವಿವರಿಸಲಾಗದಂಥದು. ಅಂಥ 1,030 ಮಂದಿಯನ್ನು ಸುಮಾರು ಒಂದೂವರೆ ವರ್ಷದ ಮೇಲೆ ಮತ್ತೆ ವಿಚಾರಿಸಿ 2009ರಲ್ಲಿ ಲೆಕ್ಕ ಪ್ರಕಟಿಸಿದರು. ಮೊದಲು ಊಹಿಸದಿದ್ದ ರೋಗವೊಂದು ಆ ಬೇನೆಗೆ ಕಾರಣವೆಂದು ಆಮೇಲೆ ಹೊರಬಿದ್ದುದು ನಾಲ್ವರಲ್ಲಿ.

ಮತ್ತೆ ನನ್ನ ಕಥೆಗೆ ಬರುತ್ತೇನೆ. ಎಂಆರ್‌ಐ ಆಯಿತು. ವರದಿಯನ್ನು ವೈದ್ಯರಿಗಿಂತ ಮೊದಲು ನಾನು ಓದಿದೆ. ಅದು ನನ್ನ ತಪ್ಪು. ಮಿದುಳಿನಲ್ಲಿ ಎರಡು ಸಣ್ಣ ಬಿಳಿಯ ಚುಕ್ಕೆಗಳು, 'ನಿರ್ದಿಷ್ಟವಲ್ಲದವು' ಎಂದಿತ್ತು. ನಡುವಯಸ್ಸು ದಾಟಿದ ಅನೇಕರ ಮಿದುಳಿನಲ್ಲಿ, ಅರೆತಲೆನೋವಿನವರಲ್ಲಿ ಇಂಥ ಚುಕ್ಕೆಗಳು ಇರುತ್ತವೆಂದು ವೈದ್ಯರು ಹೇಳುವ ವೇಳೆಗೆ ನಾನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಎರಡನೆಯ ಹೆಸರನ್ನು ಮನೆಗೆ ಕರೆತಂದಾಗಿತ್ತು. ಆ ರೋಗವನ್ನು ನಿರ್ಣಯಿಸಲು, ನರಮಂಡಲದ ಎರಡು ಬೇರೆ ಜಾಗಗಳಲ್ಲಿ, ಎರಡು ಬೇರೆ ಕಾಲಗಳಲ್ಲಿ ಪೆಟ್ಟು ಕಾಣಬೇಕೆಂಬುದು ಬಹುಕಾಲದ ನಿಯಮ. ಈಚೆಗೆ ಚಿತ್ರಗಳೂ ಬೆನ್ನುನೀರಿನ ಪರೀಕ್ಷೆಯೂ ಆ ಕಾಲವನ್ನು ಮೊಟಕುಗೊಳಿಸಿವೆ, ಎಲ್ಲರಿಗೂ ಅಲ್ಲ. ಪಾರ್ಕಿನ್ಸನ್ ರೋಗದಲ್ಲಿಯೂ ಅಷ್ಟೆ, ಔಷಧಕ್ಕೆ ದೇಹ ಹೇಗೆ ಒಲಿಯುತ್ತದೆಂದು ತಿಂಗಳುಗಟ್ಟಲೆ ನೋಡಿಯೇ ಎಷ್ಟೋ ಸಲ ಹೆಸರು ಖಚಿತವಾಗುತ್ತದೆ. "ಒಂದು ವರ್ಷ ಬಿಟ್ಟು ಬನ್ನಿ" ಎಂಬ ಮಾತನ್ನು ನಾನು ಅಸಡ್ಡೆಯೆಂದು ಭಾವಿಸಿದ್ದೆ. ಅದು ಪರೀಕ್ಷೆಯ ಒಂದು ಅಂಗ. ರಕ್ತದಂತೆ, ಚಿತ್ರದಂತೆ ಕಾಲವನ್ನೂ ತೆಗೆದು ನೋಡುತ್ತಾರೆ.

ಕಾಯಬಾರದ ಸಂದರ್ಭಗಳಿವೆ, ಅವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಮುಖ ಒಂದು ಕಡೆಗೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆಮಾಡಬೇಕು. ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಸಿಡಿಲೆರಗಿದಂಥ ತಲೆನೋವು, ಮೊದಲ ಸಲ ಬಂದ ಫಿಟ್ಸು, ಕಾಲಿನ ಬಲದ ಜೊತೆಗೆ ಮೂತ್ರದ ಹಿಡಿತವೂ ತಪ್ಪುವುದು, ದಿನದಿನಕ್ಕೆ ಏರುವ ದೌರ್ಬಲ್ಯ, ನುಂಗಲು ಉಸಿರಾಡಲು ಕಷ್ಟ, ಇವು ಯಾವುದನ್ನೂ ನಾಳೆಗೆ ಇಡಬಾರದು.

ಉಳಿದ ದಿನಗಳಿಗೆ ನನ್ನ ಹೆಂಡತಿ ಒಂದು ಏರ್ಪಾಡು ಮಾಡಿದಳು. ನಾನು ಬೆಳಗೆದ್ದು ನೀರು ತುಂಬಿದ ಚೊಂಬನ್ನು ಎಡಗೈಯಲ್ಲಿ ಎತ್ತಿ ಎತ್ತಿ ಬಲ ನೋಡಿಕೊಳ್ಳುತ್ತಿದ್ದುದನ್ನು, ಹಿಮ್ಮಡಿಯ ಮೇಲೆ ಪಡಸಾಲೆಯಲ್ಲಿ ನಡೆಯುತ್ತಿದ್ದುದನ್ನು ಅವಳು ಕಂಡಿದ್ದಳು. "ದಿನವೆಲ್ಲ ಪರೀಕ್ಷೆ ಬರೆದರೆ ಯಾರು ತಾನೆ ಪಾಸಾದಾರು? ಸಂಜೆ ಅರ್ಧ ಗಂಟೆ ಇಟ್ಟುಕೊಳ್ಳಿ. ಹೆದರುವುದನ್ನೆಲ್ಲ ಆಗಲೇ ಹೆದರಿ, ಬರೆಯುವುದನ್ನು ಬರೆದಿಡಿ" ಎಂದಳು. ಒಂದು ಇನ್ನೂರು ಪುಟದ ನೋಟುಬುಕ್ಕು ತಂದುಕೊಟ್ಟಳು. ಯಾವಾಗ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದೆ ಎಂದು ಮೂರು ಗೆರೆ ಎಳೆದುಕೊಂಡೆ. ಮೊದಮೊದಲು ಪುಟ ತುಂಬುತ್ತಿತ್ತು. ಮೂರನೆಯ ತಿಂಗಳಿಗೆ ವಾರಕ್ಕೆರಡು ಸಾಲಾಯಿತು. ಭಯದಲ್ಲಿ ಉಸಿರು ಮೇಲುಮೇಲಕ್ಕೆ ಹೋದಾಗ ರಕ್ತದ ಇಂಗಾಲಾಮ್ಲ ಇಳಿದು ತುಟಿ, ಬೆರಳ ತುದಿ ಜುಮುಗುಡುವುದುಂಟು. ನನ್ನ ಜುಮುಜುಮುಗಳಲ್ಲಿ ಬಹುಪಾಲು ಇದೇ ಎಂದು ಆ ಪುಸ್ತಕವೇ ತೋರಿಸಿತು.

'ಆಗ ಏನು ಮಾಡುತ್ತಿದ್ದೆ' ಎಂಬ ಮೂರನೆಯ ಸಾಲನ್ನು ಕಡೆಗಣಿಸಬೇಡಿ. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಕೆಲವರಿಗೆ ತಲೆಗೆ ಎರೆದುಕೊಳ್ಳುವಾಗಲೇ ಮೂರ್ಛೆ ಬರುತ್ತಿತ್ತು. ಹಂಡೆಯ ಕುದಿಬಿಸಿ ನೀರನ್ನು ಚೊಂಬಿನಿಂದ ನೆತ್ತಿಯ ಮೇಲೆ ಬಿಡದೆ ಹುಯ್ಯುವುದೇ ಕಾರಣವೆಂದು ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಿಂದ ಬರೆದು ತೋರಿಸಿದರು. ದಕ್ಷಿಣ ಕರ್ನಾಟಕದ 279 ರೋಗಿಗಳ ವಿವರವನ್ನು ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮೊದಲಾದವರು 1988ರಲ್ಲಿ ಪ್ರಕಟಿಸಿದರು. ನೀರಿನ ಕಾವು ಇಳಿಸಿದರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಬಚ್ಚಲುಮನೆಯಲ್ಲಿ ಏನಾಯಿತೆಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ, ಮನೆಯವರೇ ಹೇಳಬೇಕು.

ನನ್ನ ಬೆರಳಿನ ಜೋಮಿಗೆ ಹೆಸರು ಸಿಕ್ಕಿತು: ಮೊಣಕೈ ಮೇಜಿನಂಚಿಗೆ ಊರಿ ಓದುವ ನಾಲ್ವತ್ತು ವರ್ಷದ ಅಭ್ಯಾಸ. ಒಂದು ಮೆತ್ತೆ ಇಟ್ಟುಕೊಂಡೆ, ಆರು ತಿಂಗಳಲ್ಲಿ ಇಳಿಯಿತು. ಕಾಲಿನ ಅದುರು ಬಂದು ಹೋಗುತ್ತಿದೆ. ಪಾದದ ಮೇಲಿನ ಮರವು ಹಾಗೆಯೇ ಇದೆ, ಅದಕ್ಕೆ ಇಂದಿಗೂ ಹೆಸರಿಲ್ಲ. ವರ್ಷ ಬಿಟ್ಟು ತೆಗೆಸಿದ ಚಿತ್ರದಲ್ಲಿ ಚುಕ್ಕೆಗಳು ಎರಡೇ. ಬೆಳೆದಿಲ್ಲ, ಮೂರನೆಯದು ಹುಟ್ಟಿಲ್ಲ. ಇನ್ನೊಂದು ಸಲ ನೋಡೋಣವೆಂದು ವೈದ್ಯರು ಬರುವ ಮಾರ್ಗಶಿರಕ್ಕೆ ಕರೆದಿದ್ದಾರೆ. ಅಂದು ಗುಬ್ಬಿಯಿಂದ ಬೆಳಗಿನ ರೈಲಿಗೆ ಹೊರಡಬೇಕು. ನೋಟುಬುಕ್ಕನ್ನು ಮರೆಯದೆ ಚೀಲದಲ್ಲಿಡಲು ಹೆಂಡತಿಗೆ ಹೇಳಿದ್ದೇನೆ.