ಬಾಣಂತಿಯ ನೌಕರಿ

ಚೊಚ್ಚಲ ಹೆರಿಗೆಗೆ ಮಗಳನ್ನು ತವರುಮನೆಗೆ ಕರೆತರುವ ರೂಢಿಯು ನಮ್ಮ ಬೆಳಗಾವಿ ಜಿಲ್ಹೆಯಲ್ಲಿ ಇನ್ನೂ ಅಳಿದಿಲ್ಲ. ಕುಬಸದ ಕಾರ್ಯವಾದ ಮೇಲೆ ತವರಿಗೆ ಬಂದವಳು ಕೂಸಿಗೆ ಐದು ತಿಂಗಳು ತುಂಬಿದ ಬಳಿಕವೇ ತೊಟ್ಟಿಲು ಹೊರಿಸಿಕೊಂಡು ಗಂಡನ ಮನೆಗೆ ಮರಳುವಳು. ಬಾಣಂತಿಗೆ ವಿಶ್ರಾಂತಿ ಬೇಕೆಂಬುದನ್ನು ನಮ್ಮ ಹಿರಿಯರು ಯಾವ ಶಾಸನಸಭೆಯಿಂದಲೂ ಕಲಿಯಬೇಕಾಗಿರಲಿಲ್ಲ. ಆದರೆ ಅದೇ ಮಗಳು ಗೋಕಾಕದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳೋ, ಮೂಡಲಗಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುವವಳೋ ಆಗಿದ್ದರೆ, ಈ ವಿಶ್ರಾಂತಿಗೆ ಆಕೆಯು ಏನು ಬೆಲೆ ಕೊಡಬೇಕಾಗುತ್ತದೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ.

ಹುಕ್ಕೇರಿಯ ಕಡೆಯ ತವರಿನಿಂದ ಮರಳಿದ ಇಂಥ ಒಬ್ಬ ತಾಯಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಆಕೆಯ ಕುರ್ಚಿಯಲ್ಲಿ ಈಗ ಬೇರೊಬ್ಬರು ಕುಳಿತಿದ್ದಾರೆ. “ನೀವು ಬರುವಿರೋ ಇಲ್ಲವೋ ತಿಳಿಯಲಿಲ್ಲ, ಕೆಲಸವಂತೂ ನಿಲ್ಲುವಂತಿರಲಿಲ್ಲ” ಎಂದು ಮಾಲಕರು ಸೌಜನ್ಯದಿಂದಲೇ ಹೇಳುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ, ನೌಕರಿ ಹೋಯಿತು. ಮರುದಿನದಿಂದ ಪ್ರಮಾಣಪತ್ರಗಳ ಕಡತವನ್ನು ಹಿಡಿದುಕೊಂಡು ಇಂದು ಸಂಕೇಶ್ವರ, ನಾಳೆ ಘಟಪ್ರಭಾ ಎಂದು ಬಸ್ಸಿನಲ್ಲಿ ಅಲೆದಾಟ. ಮುಲಾಖತಿಗೆ ಕರೆದವರು ಆಕೆಯ ವಿದ್ಯೆಯ ವಿಷಯವಾಗಿ ಎರಡು ಮಾತು ಕೇಳಿದರೆ, ಕೂಸಿನ ವಿಷಯವಾಗಿ ನಾಲ್ಕು ಕೇಳುತ್ತಾರೆ. ಎಷ್ಟು ತಿಂಗಳದು? ಯಾರು ನೋಡಿಕೊಳ್ಳುವರು? ಇನ್ನೊಂದು ಮಗುವಿನ ಯೋಚನೆಯುಂಟೆ? ನಡುವಿನ ಎಂಟು ತಿಂಗಳು ಏನು ಮಾಡುತ್ತಿದ್ದಿರಿ? ಅದೇ ವಾರದಲ್ಲಿ ತಂದೆಯಾದ ಗಂಡಸು ಅದೇ ಕೋಣೆಯೊಳಗೆ ಹೋಗಿ ಬಂದರೆ ಅವನಿಗೆ ಇವುಗಳಲ್ಲಿ ಒಂದು ಪ್ರಶ್ನೆಯೂ ಬರುವುದಿಲ್ಲ. ಬಹಳವೆಂದರೆ ಪೇಢೆ ಎಲ್ಲಿ ಎಂದು ಕೇಳಿಯಾರು.

ಕಾಯಿದೆಯು ಇಲ್ಲವೆಂದಲ್ಲ. ಹೆರಿಗೆಯ ರಜೆಯ ಮೇಲಿರುವವಳನ್ನು ಆ ರಜೆಯ ಕಾರಣದಿಂದ ಕೆಲಸದಿಂದ ತೆಗೆಯುವುದು ನ್ಯಾಯಬಾಹಿರವೆಂದು 1961ರ ಪ್ರಸೂತಿ ಸೌಲಭ್ಯ ಕಾಯಿದೆಯು ಸ್ಪಷ್ಟವಾಗಿ ವಿಧಿಸಿತ್ತು. 2017ರಲ್ಲಿ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. 2020ರ ಸಾಮಾಜಿಕ ಸುರಕ್ಷಾ ಸಂಹಿತೆಯು 2025ರ ನವೆಂಬರ 21ರಿಂದ ಆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಾಗಲೂ ಈ ರಕ್ಷಣೆಯು ಹಾಗೆಯೇ ಉಳಿಯಿತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿವಸ ದುಡಿದಿದ್ದರೆ ಸಾಕು. ದಿನಗೂಲಿಯವರಿಗೂ ಈ ಹಕ್ಕು ಸಲ್ಲುವುದೆಂದು ಸುಪ್ರೀಂ ಕೋರ್ಟು ದಿಲ್ಲಿ ಮಹಾನಗರಪಾಲಿಕೆಯ ಪ್ರಕರಣದಲ್ಲಿ 2000ದಲ್ಲಿಯೇ ತೀರ್ಪು ಕೊಟ್ಟಿತು. ಕರಾರಿನ ಅವಧಿಯು ಮುಗಿದರೂ ಹೆರಿಗೆಯ ಭತ್ಯವು ನಿಲ್ಲಕೂಡದೆಂದು 2023ರಲ್ಲಿ ಹೇಳಿತು. ರಜೆ ಕೇಳಿದ ಕರಾರು ನೌಕರಳನ್ನು ತೆಗೆದುಹಾಕಿದ ಆಜ್ಞೆಯನ್ನು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ 2021ರಲ್ಲಿ ರದ್ದುಪಡಿಸಿ, ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಮಾಡಿತು. ಇಷ್ಟೆಲ್ಲ ಇದ್ದೂ ಬಾಣಂತಿಯು ಕಡತ ಹಿಡಿದು ಬಸ್ಸಿಗಾಗಿ ಏಕೆ ಕಾಯುತ್ತಾಳೆ?

ಇದಕ್ಕೆ ಉತ್ತರವನ್ನು ಹಳೆಯ ಮುಂಬಯಿ ಪ್ರಾಂತದ ಇತಿಹಾಸದಲ್ಲಿ ಹುಡುಕಬೇಕು. ನಮ್ಮ ಜಿಲ್ಹೆಯು ಅಂದು ಆ ಪ್ರಾಂತದ ಭಾಗವಾಗಿತ್ತು. ಘಟಪ್ರಭೆಯ ಧಬಧಬೆಯ ದಂಡೆಯ ಮೇಲೆ 1885ರಲ್ಲಿ ಸ್ಥಾಪಿತವಾದ ಕಂಪನಿಯ ನೂಲಿನ ಗಿರಣಿಯು ನೀರಿನ ಬಲದಿಂದ ನಡೆಯತೊಡಗಿದಾಗ, ಹೆರಿಗೆಯ ರಜೆಯೆಂಬ ಮಾತನ್ನು ದೇಶದ ಯಾವ ಕಾಯಿದೆಯೂ ಆಡಿರಲಿಲ್ಲ. ಕಾರ್ಮಿಕರ ಮುಂದಾಳು ನಾ. ಮ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ಮಸೂದೆಯು ಬಿದ್ದುಹೋಯಿತು. 1928ರ ಜುಲೈ 28ರಂದು ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಇಂಥದೇ ಮಸೂದೆಯು ಚರ್ಚೆಗೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವಾಗಿರುವುದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರಕಾರವೇ ಹೊರತಕ್ಕದ್ದೆಂಬುದು ಅವರ ವಾದವಾಗಿತ್ತು. ಮರುವರ್ಷ, ಎಂದರೆ 1929ರಲ್ಲಿ, ಭಾರತದ ಮೊದಲನೆಯ ಪ್ರಸೂತಿ ಕಾಯಿದೆಯು ಆ ಪ್ರಾಂತದಲ್ಲಿ ಹುಟ್ಟಿತು. ಆದರೆ ಭಾರವು ಬಿದ್ದದ್ದು ಗಿರಣಿಯ ಮಾಲಕನ ಮೇಲೆ.

ಮುಂದೆ ಆದದ್ದೇನು? ಮುಂಬಯಿಯ ಗಿರಣಿಗಳಲ್ಲಿ ಹೆಣ್ಣಾಳುಗಳ ಪ್ರಮಾಣವು ಇಳಿಯುತ್ತ ಬಂದಿತು. ಹೊಸ ಯಂತ್ರಗಳು ಬಂದವು, ರಾತ್ರಿಯ ಪಾಳಿಯಲ್ಲಿ ಸ್ತ್ರೀಯರಿಗೆ ನಿಷೇಧವಿತ್ತು. ಕಾರಣಗಳು ಹಲವಿದ್ದವೆಂಬುದನ್ನು ಒಪ್ಪಲೇಬೇಕು. ಆದರೂ ಹೆಣ್ಣಾಳನ್ನು ಇಟ್ಟುಕೊಂಡರೆ ಹೆರಿಗೆಯ ಖರ್ಚು ಬರುತ್ತದೆಂಬ ಲೆಕ್ಕವು ಮಾಲಕರ ವಹಿಯಲ್ಲಿ ಸೇರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಆ ಲೆಕ್ಕವೇ ಇಂದು ನಮ್ಮ ಪೇಟೆಗಳಲ್ಲಿಯೂ ನಡೆದಿದೆ. ಹನ್ನೆರಡು ಶಿಕ್ಷಕಿಯರ ಒಂದು ಶಾಲೆಯಲ್ಲಿ ಇಬ್ಬರು ಒಮ್ಮೆಗೇ ರಜೆಗೆ ಹೋದರೆ, ರಜೆಯಲ್ಲಿದ್ದವರಿಗೂ ಬದಲಿಗೆ ಬಂದವರಿಗೂ ಆರು ತಿಂಗಳು ಪಗಾರ ಕೊಡಬೇಕಾದ ಸಂಚಾಲಕನು ದುಷ್ಟನೇ ಆಗಿರಬೇಕೆಂದಿಲ್ಲ. ಅವನು ಕಾಯಿದೆಯನ್ನು ಎದುರಿಸಿ ಮುರಿಯುವುದಿಲ್ಲ. ಮಾರ್ಚಿಗೆ ಮುಗಿಯುವ ಕರಾರನ್ನು ಬರೆಯಿಸುತ್ತಾನೆ, ಮುಂದಿನ ಸಲ ಮದುವೆಯಾದ ಹೆಣ್ಣುಮಗಳನ್ನು ಕರೆಯುವುದನ್ನೇ ಬಿಡುತ್ತಾನೆ. ಹೀಗೆ ತಾಯಿಯ ರಕ್ಷಣೆಗೆಂದು ಮಾಡಿದ ಕಾಯಿದೆಯೇ ನೌಕರಿಯನ್ನು ಹುಡುಕುವ ತಾಯಿಗೆ ಬಾಗಿಲು ಮುಚ್ಚುವ ನೆಪವಾಗುತ್ತದೆ. ಹತ್ತು ಜನಕ್ಕಿಂತ ಕಡಿಮೆ ಆಳುಗಳುಳ್ಳ ಅಂಗಡಿಗಳ ಮಾತಂತೂ ಬೇಡ. ಕಾಯಿದೆಯು ಅಲ್ಲಿಗೆ ಮುಟ್ಟುವುದೇ ಇಲ್ಲ.

ಅಂಬೇಡ್ಕರರ ಮಾತಿಗೆ ಅಷ್ಟಿಷ್ಟು ಸಮೀಪವಾದ ಏರ್ಪಾಡು ಒಂದುಂಟು. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆರಂಭವಾದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ ಹೆರಿಗೆಯ ಪಗಾರವು ಒಬ್ಬ ಮಾಲಕನ ಚೀಲದಿಂದಲ್ಲ, ಎಲ್ಲ ಮಾಲಕರೂ ಎಲ್ಲ ಕಾರ್ಮಿಕರೂ ತುಂಬಿದ ನಿಧಿಯಿಂದ ಬರುತ್ತದೆ. ಹೆಣ್ಣಾಳಿರಲಿ ಗಂಡಾಳಿರಲಿ ವಂತಿಗೆಯು ಒಂದೇ. ಹೆಂಗಸನ್ನು ದೂರವಿಟ್ಟರೆ ಉಳಿಯುವ ದುಡ್ಡು ಏನೂ ಇಲ್ಲ. ಇದೇ ತತ್ತ್ವವನ್ನು ಸಣ್ಣ ಶಾಲೆ, ದವಾಖಾನೆ, ಪೇಢಿಗಳವರೆಗೆ ಒಯ್ಯುವುದೇ ನಿಜವಾದ ಉಪಾಯವೆಂದು ನಮಗೆ ತೋರುತ್ತದೆ. ಸರಕಾರವು ಅದರಲ್ಲಿ ತನ್ನ ಪಾಲನ್ನು ಹಾಕಲಿ. ರಜೆಯ ವಾರಗಳನ್ನು ಏರಿಸಿ ಖರ್ಚನ್ನು ಪರರ ತಲೆಗೆ ಕಟ್ಟುವ ಔದಾರ್ಯವು ಸುಲಭವಾದದ್ದು.

ಅದು ಆಗುವವರೆಗೆ ಅಧಿಕಾರಿಗಳ ಕೈಯಲ್ಲಿರುವ ಒಂದು ಸಣ್ಣ ಕೆಲಸವಿದೆ. ಹೀಗೆ ಕೆಲಸದಿಂದ ತೆಗೆಯಲ್ಪಟ್ಟವಳು ಆ ಆಜ್ಞೆಯು ತನಗೆ ತಿಳಿದ 60 ದಿವಸಗಳೊಳಗಾಗಿ ನೇಮಿತ ಅಧಿಕಾರಿಗೆ ಮೇಲ್ಮನವಿಯನ್ನು ಸಲ್ಲಿಸಬೇಕೆಂದು ಕಾಯಿದೆಯಿದೆ. ನಮ್ಮ ಬಾಣಂತಿಯೋ ಐದು ತಿಂಗಳು ತವರಿನಲ್ಲಿರುತ್ತಾಳೆ. ಕಚೇರಿಯಿಂದ ಫೋನಿನಲ್ಲಿ ಬಂದ ಒಂದು ಮಾತನ್ನು ಆಕೆ ಆಜ್ಞೆಯೆಂದು ಎಣಿಸುವುದಿಲ್ಲ. ಕೂಸಿನ ಎಣ್ಣೆ ನೀರಿನ ನಡುವೆ ದಿವಸ ಎಣಿಸುವವರೂ ಇಲ್ಲ. ಆಕೆ ಗೋಕಾಕಕ್ಕೆ ಬಂದಿಳಿದು ವಕೀಲರನ್ನು ಕಾಣುವ ಹೊತ್ತಿಗೆ ಅವಧಿಯು ತೀರಿತೆಂದು ವಾದಿಸಲು ಎದುರಾಳಿಗೆ ಅನುಕೂಲವಾಗಿರುತ್ತದೆ. ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಬಸುರಿಯಾದವಳು ಸರಕಾರಿ ದವಾಖಾನೆಗೆ ಹೋದೊಡನೆ ಆಕೆಯ ಕೈಗೆ ತಾಯಿ ಕಾರ್ಡು ಬರುತ್ತದೆ. ಚುಚ್ಚುಮದ್ದಿನ ತಾರೀಖುಗಳನ್ನು ಬರೆಯುವ ಆ ಕಾರ್ಡಿನ ಬೆನ್ನಿಗೆ, ಕೆಲಸದಿಂದ ತೆಗೆದರೆ ಆಜ್ಞೆಯನ್ನು ಬರಹದಲ್ಲಿ ಕೇಳಬೇಕೆಂದೂ, ಮನವಿಗೆ 60 ದಿವಸಗಳ ಅವಧಿಯುಂಟೆಂದೂ, ಯಾವ ಕಚೇರಿಗೆ ಹೋಗಬೇಕೆಂದೂ ಮೂರು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಲು ಹೊಸ ಕಾಯಿದೆಯೂ ಬೇಡ, ಹೆಚ್ಚಿನ ಹಣವೂ ಬೇಡ.