ಹಿಂಡಿ ಮೂಟೆಗೂ ಬೇಕು ಜಾಬ್ ನಂಬರ್: ಪೀಣ್ಯದಲ್ಲಿ ಕಲಿತ ತೋಟದ ಲೆಕ್ಕ

ಎರಡು ವರ್ಷದ ಹಿಂದೆ ನಾನು ಲಾಭದ ಬೆಳೆಯನ್ನು ಕೈಬಿಟ್ಟು, ಲಾಭವಿಲ್ಲದ ಬೆಳೆಯನ್ನೇ ಹೆಚ್ಚು ಮಾಡಿದೆ. ತೋಟಗಾರಿಕೆ ಪದವಿ ಓದಿದವನು, ದಿನಾ ನೋಟ್‌ಬುಕ್‌ನಲ್ಲಿ ಖರ್ಚು ಬರೆಯುವವನು, ಆದರೂ ಹೀಗಾಯ್ತು. ತಪ್ಪು ಬೆಳೆಯಲ್ಲಿ ಇರಲಿಲ್ಲ, ಖರ್ಚು ಬರೆಯುವ ರೀತಿಯಲ್ಲಿತ್ತು.

ನಮ್ಮದು ಹೊಸಕೋಟೆ ಕಡೆ ಎರಡು ಎಕರೆ ಸಾವಯವ ತರಕಾರಿ ತೋಟ. ಮಾಲು ಹೆಚ್ಚಾಗಿ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಿಗೆ ಹೋಗುತ್ತೆ. ಆ ಸಲ ಐದು ಗುಂಟೆಗೆ ಬೀನ್ಸ್ ಹಾಕಿದ ತಿಂಗಳೇ 600 ಕೆಜಿ ಬೇವಿನ ಹಿಂಡಿ ತರಿಸಿದ್ದೆ. ಬಿಲ್ 19,800 ರೂಪಾಯಿ. ಅಷ್ಟನ್ನೂ ಬೀನ್ಸ್ ಖರ್ಚಿಗೆ ಬರೆದೆ. ಬೀನ್ಸ್ ಮಾರಿ ಬಂದದ್ದು 15,200. "ನಷ್ಟ" ಅಂತ ಗೆರೆ ಎಳೆದು ಮುಂದಿನ ಸಲ ಬೀನ್ಸ್ ಬಿಟ್ಟೆ. ಅದೇ ಹಿಂಡಿಯನ್ನು ಆಮೇಲೆ ಸೊಪ್ಪಿನ ಮಡಿಗೆ ಹಾಕಿದಾಗ ಖರ್ಚೇ ಬರೆಯಲಿಲ್ಲ. ಮೂಟೆ ಶೆಡ್‌ನಲ್ಲೇ ಇತ್ತಲ್ಲ!

ಒಂದು ಪೀಸ್‌ಗೂ ಜಾಬ್ ಕಾರ್ಡ್

ಇದು ತಪ್ಪು ಅಂತ ಗೊತ್ತಾಗಿದ್ದು ಪೀಣ್ಯದಲ್ಲಿ. ದೊಡ್ಡಪ್ಪನ ಮಗ ಅಲ್ಲಿನ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಸ್ಟೋರ್ ನೋಡಿಕೊಳ್ತಾನೆ. ಪವರ್ ವೀಡರ್‌ನ ಶಾಫ್ಟ್ ಮುರಿದಿತ್ತು, ಮಾಡಿಸಲು ಹೋಗಿದ್ದೆ. ಅವನು ಮೊದಲು ಕಂಪ್ಯೂಟರ್‌ನಲ್ಲಿ ಒಂದು ಜಾಬ್ ನಂಬರ್ ತೆಗೆದ.

"ಒಂದೇ ಪೀಸ್‌ಗೂ ನಂಬರ್ ಬೇಕಾ ಅಣ್ಣ?" ಅಂದೆ.

"ಒಂದೇ ಪೀಸ್ ಆದ್ರೂ ರಾಡ್ ನನ್ನ ಸ್ಟೋರ್‌ನಿಂದ ತಾನೇ ಹೋಗ್ಬೇಕು? ಯಾವ ಜಾಬ್‌ಗೆ ಅಂತ ಹೇಳದೆ ಇಲ್ಲಿಂದ ಒಂದು ಬೋಲ್ಟೂ ಆಚೆ ಹೋಗಲ್ಲ ಕಣೋ."

ಆ ಕಾರ್ಡ್‌ಗೆ ನಾಲ್ಕು ವಿಷಯ ಸೇರುತ್ತಾ ಹೋದವು: ಎಷ್ಟು ಕಬ್ಬಿಣ ಹೋಯ್ತು, ಲೇತ್ ಎಷ್ಟು ಹೊತ್ತು ಓಡಿತು, ಕೆಲಸಗಾರ ಎಷ್ಟು ಗಂಟೆ ನಿಂತ, ಬಾಡಿಗೆ-ಕರೆಂಟಿನ ಪಾಲು ಎಷ್ಟು. ಕೊನೆಯಲ್ಲಿ ಆ ಒಂದು ಶಾಫ್ಟ್‌ನ ಅಸಲು ಬಂತು.

ಕಾರ್ಖಾನೆಯ ಸಾಫ್ಟ್‌ವೇರ್ ಮಾಡುವುದು ಇಷ್ಟೇ. ರಾಡ್ ಕೊಂಡ ದಿನ ಅದು ಖರ್ಚಲ್ಲ, ದಾಸ್ತಾನು. ಅಂದರೆ ದುಡ್ಡು ರಾಡ್ ರೂಪದಲ್ಲಿ ಸ್ಟೋರ್‌ನಲ್ಲಿ ಕೂತಿದೆ. ಜಾಬ್‌ಗೆ ಕೊಟ್ಟಾಗ ಆ ದುಡ್ಡು 'ನಡೆಯುತ್ತಿರುವ ಕೆಲಸ'ದ ಖಾತೆಗೆ ಹೋಗುತ್ತೆ. ಮುಗಿದಾಗ ತಯಾರಾದ ಮಾಲು, ಮಾರಿದಾಗ ಮಾತ್ರ ಖರ್ಚು. ಇಂಥ ಸಾಫ್ಟ್‌ವೇರ್‌ಗಾಗಿ ದೂರ ಹುಡುಕಬೇಕಿಲ್ಲ. ದೇಶದ ಅಂಗಡಿ, ಕಾರ್ಖಾನೆಗಳಲ್ಲೆಲ್ಲ ಕಾಣುವ ಟ್ಯಾಲಿ 1986ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದ ಕಂಪನಿಯದ್ದು. ಅದರಲ್ಲೂ ಗೋಡೌನ್‌ವಾರು ದಾಸ್ತಾನು, ಜಾಬ್‌ವಾರು ಖರ್ಚು ಇಡಬಹುದು.

ತೋಟದಲ್ಲಿ ಜಾಬ್ ಅಂದರೆ ಯಾವುದು?

ಒಂದು ಜಾಗದಲ್ಲಿ ಒಂದು ಸಲ ಹಾಕಿದ ಒಂದು ಬೆಳೆ, ಅದೇ ಒಂದು ಜಾಬ್. ನಮ್ಮಲ್ಲಿ ನಾಲ್ಕನೇ ಸಲದ ಸೊಪ್ಪು 'ಸೊ-4', ಎರಡನೇ ಸಲದ ಬೀನ್ಸ್ 'ಬೀ-2'. ಮಡಿಯ ತಲೆಯಲ್ಲೇ ಹಲಗೆಗೆ ನಂಬರ್ ಬರೆದು ನೆಡಿ.

ಹಿಂಡಿಗೆ ಯಾವ ರೇಟ್ ಹಿಡಿಯಬೇಕು? ನನ್ನ ಹತ್ರ ಕೆಜಿಗೆ 28ರ ಹಳೆ ಹಿಂಡಿ 400 ಕೆಜಿ ಇತ್ತು, ಬೆಲೆ 11,200. ಹೊಸದು 33ರಂತೆ 600 ಕೆಜಿ, 19,800. ಒಟ್ಟು 1,000 ಕೆಜಿಗೆ 31,000. ಅಂದರೆ ಸರಾಸರಿ ಕೆಜಿಗೆ 31. ಮುಂದಿನ ಖರೀದಿವರೆಗೂ ಎಲ್ಲ ಜಾಬ್‌ಗೂ ಇದೇ ರೇಟ್. ಲೆಕ್ಕದಲ್ಲಿ ಸರಾಸರಿ ಹಿಡಿದರೂ, ಶೆಡ್‌ನಲ್ಲಿ ಮಾತ್ರ ಮೊದಲು ಬಂದದ್ದು ಮೊದಲು ಹೋಗಲಿ. ಟ್ರೈಕೋಡರ್ಮಾ, ಬೀಜ ಇವುಗಳಿಗೆ ವಾಯಿದೆ ಇರುತ್ತೆ, ಹಳೆಯದು ಮೂಲೆಯಲ್ಲಿ ಕೂತರೆ ದಂಡ.

ಮನೆಯಲ್ಲೇ ಮಾಡಿದ ಎರೆಹುಳು ಗೊಬ್ಬರ ಪುಕ್ಕಟೆ ಅಲ್ಲ. ಸಗಣಿ, ಕೂಲಿ ಸೇರಿಸಿದರೆ ನಮಗೆ ಕೆಜಿಗೆ 6 ರೂಪಾಯಿ ಬೀಳುತ್ತೆ. ಗೊಬ್ಬರದ ಗುಂಡಿಯೂ ಒಂದು ಜಾಬೇ.

ಇನ್ನು ಯಾವ ಬೆಳೆಗೂ ನೇರವಾಗಿ ಸೇರದ ಖರ್ಚು: ಡ್ರಿಪ್ ಸವಕಳಿ, ಪಂಪ್ ರಿಪೇರಿ, ಗಾಡಿ ಕಂತು. ನಮಗೆ ವರ್ಷಕ್ಕೆ 1,44,000. ಎರಡು ಎಕರೆ ಅಂದರೆ 80 ಗುಂಟೆ, ವರ್ಷದಲ್ಲಿ ಸುಮಾರು 300 ದಿನ ಬೆಳೆ ಇರುತ್ತೆ. ಒಟ್ಟು 24,000 ಗುಂಟೆ-ದಿನ. ಒಂದು ಗುಂಟೆಗೆ ದಿನಕ್ಕೆ 6 ರೂಪಾಯಿ. ಐದು ಗುಂಟೆಯಲ್ಲಿ 35 ದಿನ ನಿಂತ ಸೊಪ್ಪಿಗೆ 1,050, 70 ದಿನ ನಿಂತ ಬೀನ್ಸ್‌ಗೆ 2,100.

ಸೊ-4ರ ಕಾರ್ಡ್

- ಬೇವಿನ ಹಿಂಡಿ 50 ಕೆಜಿ: 1,550
- ಎರೆಹುಳು ಗೊಬ್ಬರ 300 ಕೆಜಿ: 1,800
- ಬೀಜ: 600
- ಆರು ಆಳಿನ ಕೂಲಿ, ತಲಾ 450ರಂತೆ: 2,700
- ಸಾಗಣೆ: 1,900
- ಸಾಮಾನ್ಯ ಖರ್ಚಿನ ಪಾಲು: 1,050
- ಒಟ್ಟು: 9,600

1,400 ಕಟ್ಟು, ತಲಾ 10ರಂತೆ ಬಂದದ್ದು 14,000. ಹಳೆ ನೋಟ್‌ಬುಕ್ ರೀತಿಯಲ್ಲಿ ಬೀಜ, ಕೂಲಿ, ಸಾಗಣೆ ಮಾತ್ರ ಕಳೆದು 8,800 ಲಾಭ ಅಂತಿದ್ದೆ. ಈಗ ಅದು 4,400ಕ್ಕೆ ಇಳಿಯಿತು.

ಕಾರ್ಡ್ ಇನ್ನೂ ಮುಗಿದಿರಲಿಲ್ಲ. ಸೊಪ್ಪು ಕಿತ್ತು, ತೊಳೆದು, ಕಟ್ಟು ಕಟ್ಟುವುದು ಅಮ್ಮ. ಗಂಟೆ ಬರೆದಿಡೋಣ ಅಂದಾಗ ನಕ್ಕುಬಿಟ್ಟರು: "ಮನೆಯವರ ಕೆಲ್ಸಕ್ಕೂ ಯಾರಾದ್ರೂ ಲೆಕ್ಕ ಬರೀತಾರೇನೋ?" ಬರೆದೆ. ಸೊ-4ಕ್ಕೆ 64 ಗಂಟೆ, ಅಂದರೆ ಎಂಟು ಆಳಿನ ಕೆಲಸ, 3,600 ರೂಪಾಯಿ. ಉಳಿದ ಲಾಭ 800.

ನಾನು ಇಷ್ಟು ದಿನ ಲಾಭ ಅಂದುಕೊಂಡಿದ್ದು ಅಮ್ಮನಿಗೆ ಕೊಡದೆ ಉಳಿಸಿಕೊಂಡ ಕೂಲಿ. ಆವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಆಮೇಲೆ ಹಳೆ ಬಿಲ್‌ಗಳನ್ನೆಲ್ಲ ಹುಡುಕಿ ಬೀ-2ಕ್ಕೂ ಕಾರ್ಡ್ ಮಾಡಿದೆ. ಹಿಂಡಿ ಹೋಗಿದ್ದು ಬರೀ 100 ಕೆಜಿ, 3,100. ಅಮ್ಮನ ಕೂಲಿಯೂ ಸೇರಿ ಒಟ್ಟು ಖರ್ಚು 11,400. 15,200ರಲ್ಲಿ ಕಳೆದರೆ ಲಾಭ 3,800. ಅಷ್ಟೇ ಜಾಗದಲ್ಲಿ, ಅದೇ 70 ದಿನದಲ್ಲಿ ಸೊಪ್ಪನ್ನು ಎರಡು ಸಲ ತೆಗೆದರೂ 1,600 ದಾಟುತ್ತಿರಲಿಲ್ಲ. ನಾನು ಬಿಟ್ಟಿದ್ದು ಇದನ್ನೇ.

ಸೊಪ್ಪು ನಿಲ್ಲಿಸಲಿಲ್ಲ, ಗಿರಾಕಿ ಅದಕ್ಕೇ ಬರೋದು. ಜಾಗ ಅರ್ಧ ಮಾಡಿದೆ, ಕಟ್ಟಿಗೆ 2 ರೂಪಾಯಿ ಏರಿಸಿದೆ. ಈಗ ಪ್ರತಿ ಶನಿವಾರ ಅಮ್ಮನ ಖಾತೆಗೆ ಅವರ ಕೂಲಿ ಹೋಗುತ್ತೆ. ಈಗ ನಾನು ಗಂಟೆ ಮರೆತರೂ ಅವರೇ ನೆನಪಿಸ್ತಾರೆ.

ಫೋನ್‌ನಲ್ಲೇ ಸಾಕು

ದೊಡ್ಡ ಸಾಫ್ಟ್‌ವೇರ್ ಕೊಳ್ಳಬೇಡಿ. ಗೂಗಲ್ ಶೀಟ್ಸ್‌ನಲ್ಲಿ ಮೂರು ಹಾಳೆ ಸಾಕು:

1. ಬಂದದ್ದು: ದಿನಾಂಕ, ಸಾಮಾನು, ಕೆಜಿ, ಬೆಲೆ.
2. ಹೋದದ್ದು: ದಿನಾಂಕ, ಸಾಮಾನು, ಎಷ್ಟು, ಯಾವ ಜಾಬ್‌ಗೆ. ಕೂಲಿ ಗಂಟೆಯೂ ಇಲ್ಲೇ.
3. ಜಾಬ್: ಪ್ರತಿ ನಂಬರ್‌ಗೆ ಒಟ್ಟು ಖರ್ಚು, ಮಾರಾಟ. ಕೂಡುವುದನ್ನು ಸಮ್‌ಇಫ್ ಫಾರ್ಮುಲಾ ಮಾಡುತ್ತೆ.

ಎರಡನೇ ಹಾಳೆಯೇ ಪ್ರಾಣ. ಮೂಟೆ ಶೆಡ್‌ನಿಂದ ಎತ್ತುವ ಮೊದಲೇ ಬರೆಯಿರಿ, ಸಂಜೆಗೆ ಅಂತ ಬಿಟ್ಟರೆ ಮರೆತುಹೋಗುತ್ತೆ. ಬೆರಳಿಗೆ ಮಣ್ಣಿದ್ದರೆ ಕನ್ನಡದಲ್ಲಿ ಬಾಯಲ್ಲೇ ಹೇಳಿ ಟೈಪ್ ಮಾಡಿಸಿ.

ತಿಂಗಳ ಕೊನೆಗೆ ಒಮ್ಮೆ ಶೆಡ್‌ಗೆ ಹೋಗಿ ಮೂಟೆ ಎಣಿಸಿ. ಮೊದಲ ತಿಂಗಳು ಶೀಟ್‌ನಲ್ಲಿ ಏಳು ಇತ್ತು, ಶೆಡ್‌ನಲ್ಲಿ ಐದು. ಎರಡು ಮೂಟೆ ಪಕ್ಕದ ತೋಟಕ್ಕೆ ಕೈಗಡ ಹೋಗಿದ್ದವು, ನಾನೇ ಕೊಟ್ಟು ಮರೆತಿದ್ದೆ. ಈಗ ಕೈಗಡಕ್ಕೂ ಒಂದು ಜಾಬ್ ನಂಬರ್ ಇದೆ.

ಎಲ್ಲ ಬೆಳೆಗೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಹೊಸದಾಗಿ ಬಿತ್ತುವ ಒಂದೇ ಮಡಿಗೆ ನಂಬರ್ ಕೊಡಿ, ಕೊನೆ ಕೊಯ್ಲಿನವರೆಗೂ ಬರೆಯಿರಿ. ಮನೆಯವರ ಗಂಟೆಯನ್ನು ಮಾತ್ರ ಬಿಡಬೇಡಿ.